ಹೈಫನ್ ಹೆಸರಿನ ಬೆಲೆ

ಕೊರೊನಾ ಕಳೆದ ಮರುವರ್ಷ. ಬಿಜೈಯ ಸಣ್ಣ ಕಚೇರಿಯಲ್ಲಿ ಕುಳಿತು ನಾನು ಡೊಮೈನ್ ಹೆಸರುಗಳ ಮರುಮಾರಾಟದ ಮೌಲ್ಯ ನಿರ್ಣಯಿಸುತ್ತಿದ್ದೆ. ಡೊಮೈನ್ ಎಂದರೆ ವೆಬ್‌ಸೈಟಿನ ವಿಳಾಸ. ನಿವೇಶನದಂತೆ ಅದನ್ನೂ ಕೊಳ್ಳಬಹುದು, ಮಾರಬಹುದು; ಆದರೆ ಅವಧಿ ಮುಗಿಯುವ ಮೊದಲು ಶುಲ್ಕ ಕಟ್ಟಿ ನವೀಕರಿಸುತ್ತಿರಬೇಕು. ಹೆಸರು ಚಿಕ್ಕದಿದ್ದು ನೆನಪಿನಲ್ಲಿ ಉಳಿಯುವಂತಿದ್ದರೆ ಬೆಲೆ ಹೆಚ್ಚು.

ಬೋಳಾರದಲ್ಲಿ ಹೋಟೆಲ್ ನಡೆಸುವ ಜಯರಾಮ ಶೆಟ್ಟರು ತಂದ ಹೆಸರು ಹಾಗಿರಲಿಲ್ಲ. ಮೂರು ಇಂಗ್ಲಿಷ್ ಪದಗಳು, ನಡುವೆ ಹೈಫನ್. ಶೆಟ್ಟರದು ಬಾಂಬೆ ಬ್ಲಡ್ ಗ್ರೂಪ್, ಬಲು ಅಪರೂಪದ್ದು. ಆ ಗುಂಪಿನವರಿಗೆ ಅದೇ ಗುಂಪಿನ ರಕ್ತವೇ ಆಗಬೇಕು. ಓ ಗುಂಪಿನದೂ ಆಗದು. ಹಿಂದೆ ತಮ್ಮ ಆಪರೇಷನ್ನಿಗೆ ರಕ್ತ ಸಿಗದೆ ಒದ್ದಾಡಿದ ಶೆಟ್ಟರು, ಗುಣವಾದ ಮೇಲೆ ಆ ರಕ್ತ ಬೇಕಾದವರಿಗೆಂದು ಈ ಹೆಸರಿನಲ್ಲಿ ಒಂದೇ ಪುಟದ ವೆಬ್‌ಸೈಟ್ ಮಾಡಿ ತಮ್ಮ ಫೋನ್ ನಂಬರ್ ಹಾಕಿದ್ದರು. ಈಗ ವಿದೇಶದ ದಲ್ಲಾಳಿಯೊಬ್ಬ ಆ ಹೆಸರನ್ನು ಕೇಳಿದ್ದ. ಅವನು ಕೊಡುತ್ತೇನೆಂದ ಹಣದಲ್ಲಿ ಹೋಟೆಲಿನ ಅಡುಗೆಮನೆಯನ್ನೇ ಹೊಸದು ಮಾಡಬಹುದಿತ್ತು.

“ಇದರಲ್ಲಿ ಅಂಥದ್ದು ಎಂತ ಉಂಟು ಮೇಡಂ?” ಎಂದು ಶೆಟ್ಟರು ಕೇಳಿದರು.

ನನಗೂ ತಿಳಿಯಲಿಲ್ಲ. ನಮ್ಮ ಸಾಫ್ಟ್‌ವೇರ್ ಆ ಹೆಸರಿಗೆ ಎರಡು ಊಟದ ಬೆಲೆಯನ್ನೂ ಕಟ್ಟಲಿಲ್ಲ. ಬ್ಯಾಕ್‌ಲಿಂಕ್‌ಗಳನ್ನು, ಅಂದರೆ ಬೇರೆ ಸೈಟುಗಳಿಂದ ಇಲ್ಲಿಗೆ ದಾರಿ ತೋರುವ ಕೊಂಡಿಗಳನ್ನು, ತೆರೆದು ನೋಡಿದೆ. ಮಸ್ಕತ್, ಕೊಲಂಬೊ, ಕಠ್ಮಂಡು, ನೈರೋಬಿ... ಎಲ್ಲೆಲ್ಲಿಯ ಆಸ್ಪತ್ರೆಗಳು, ರಕ್ತನಿಧಿಗಳು ಬೋಳಾರದ ಈ ಒಂದು ಪುಟದತ್ತ ಬೆರಳು ತೋರಿಸಿದ್ದವು. ಇಂಥ ಕೊಂಡಿಗಳಿರುವ ಹೆಸರನ್ನು ಸರ್ಚ್ ಎಂಜಿನ್ ನಂಬುತ್ತದೆ, ಹುಡುಕುವವರಿಗೆ ಅದನ್ನೇ ಮೊದಲು ತೋರಿಸುತ್ತದೆ. ದಲ್ಲಾಳಿಗೆ ಬೇಕಾದದ್ದು ಆ ನಂಬಿಕೆ. ವಿಚಾರಿಸಿದರೆ ಅವನ ಹಿಂದಿದ್ದದ್ದು ಆನ್‌ಲೈನ್ ಜೂಜಿನ ಕಂಪನಿ.

ಪುಟಕ್ಕೆ ಬಂದುಹೋದವರ ದಾಖಲೆಯನ್ನೂ ಶೆಟ್ಟರ ಒಪ್ಪಿಗೆ ಪಡೆದು ನೋಡಿದೆ. ಬೆರಳೆಣಿಕೆಯ ಜನ. ಅದರಲ್ಲಿ ಒಂದು ಸಾಲು ವಿಚಿತ್ರವಾಗಿತ್ತು: ರತ್ನಗಿರಿಯ ಒಂದು ಮೊಬೈಲ್, ಅರ್ಧ ಗಂಟೆಯಲ್ಲಿ ಅದೇ ಪುಟವನ್ನು ಮತ್ತೆ ಮತ್ತೆ ತೆರೆದಿತ್ತು. ಏನೋ ತಾಂತ್ರಿಕ ದೋಷವೆಂದುಕೊಂಡು, ಲೆಕ್ಕದಿಂದ ಬಿಡುವ ಮೊದಲು ಕೇಳೋಣವೆಂದು ಹೋಟೆಲಿಗೆ ಹೋದೆ.

ಶೆಟ್ಟರು ಸಾಲನ್ನು ನೋಡಿ ಒಳಕ್ಕೆ ಕೂಗಿದರು. ನೀರುದೋಸೆ ಹೊಯ್ಯುತ್ತಿದ್ದ ವಸಂತ ಪೂಜಾರಿ ಕೈ ಒರೆಸಿಕೊಳ್ಳುತ್ತ ಬಂದರು. ಅವರದೂ ಅದೇ ಗುಂಪು; ಈ ಪುಟ ನೋಡಿಯೇ ಶೆಟ್ಟರ ಪರಿಚಯವಾಗಿ ಹೋಟೆಲಿಗೆ ಸೇರಿದವರು. ರತ್ನಗಿರಿಯಲ್ಲಿ ಹೆರಿಗೆಗೆ ಬಂದ ಒಬ್ಬಳಿಗೆ ರಕ್ತಸ್ರಾವ ನಿಲ್ಲದೆ, ಅವಳ ಗಂಡ ಈ ಪುಟದಿಂದ ಫೋನ್ ಮಾಡಿದ್ದ. ಶೆಟ್ಟರ ಲೈನ್ ಸಿಗುವವರೆಗೂ ನಂಬರ್ ನೋಡಿ ನೋಡಿ ಒತ್ತಿದ್ದ. ಆಸ್ಪತ್ರೆಯವರು ಹೇಗೋ ಅವಳನ್ನು ಉಳಿಸಿಕೊಂಡಿರುವಾಗ, ಆಪರೇಷನ್ ಆದ ಶೆಟ್ಟರ ಬದಲು ವಸಂತರು ಸಿಕ್ಕಿದ ರೈಲು ಹತ್ತಿ ಹೋಗಿ ರಕ್ತ ಕೊಟ್ಟಿದ್ದರು.

“ತಾಯಿ, ಮಗು ಇಬ್ಬರೂ ಉಷಾರುಂಟು,” ಎಂದರು ವಸಂತರು. “ನಾನು ಮಗುವನ್ನು ನೋಡ್ಲಿಲ್ಲ. ಫೋಟೊ ಕಳಿಸಿದ್ದಾರೆ.”

ಅವರು ತೋರಿಸಿದ ಆ ಪುಟ್ಟ ಮುಖವನ್ನು ನೋಡಿದೆ. ನಾನು ಹೊಡೆದುಹಾಕಲು ಹೊರಟಿದ್ದ ಸಾಲು ಅದು.

ಮಾರಿದರೆ ಏನಾಗುತ್ತದೆ ಎಂದು ಶೆಟ್ಟರು ಕೇಳಿದರು. ರಕ್ತ ಹುಡುಕುತ್ತ ಬಂದವರ ಮುಂದೆ ಜೂಜಿನ ಪುಟ ತೆರೆಯುತ್ತದೆ ಎಂದೆ. ಮಾರುಕಟ್ಟೆಯ ಬೆಲೆ ಎಷ್ಟೆಂದೂ ಹೇಳಿದೆ. ಅದು ನನ್ನ ಕೆಲಸ. ದಲ್ಲಾಳಿ ಹೇಳಿದ ಬೆಲೆ ಸುಳ್ಳಾಗಿರಲಿಲ್ಲ.

ಶೆಟ್ಟರು ಸ್ವಲ್ಪ ಹೊತ್ತು ಅಡುಗೆಮನೆಯ ಕಡೆ ನೋಡಿದರು. ಆಮೇಲೆ ಕೇಳಿದರು: “ಇದನ್ನು ಒಮ್ಮೆಲೇ ಎಷ್ಟು ವರ್ಷಕ್ಕೆ ರಿನ್ಯೂ ಮಾಡ್ಬಹುದು?”

ಹೆಚ್ಚೆಂದರೆ ಹತ್ತು ವರ್ಷಕ್ಕೆ ಎಂದೆ. ಅಲ್ಲೇ ಮಾಡಿಸಿದರು. ತಮ್ಮ ನಂಬರಿನ ಕೆಳಗೆ ವಸಂತರದನ್ನೂ ಸೇರಿಸಿದರು.

ಈಗ ಯಾವ ಹೆಸರು ಕೈಗೆ ಬಂದರೂ ಅಕ್ಷರ ಎಣಿಸುವ ಮೊದಲು, ಅದನ್ನು ಹುಡುಕಿಕೊಂಡು ಬಂದವರು ಯಾರೆಂದು ನೋಡುತ್ತೇನೆ. ಎಷ್ಟೇ ಉದ್ದದ, ಅಂದಗೆಟ್ಟ ಹೆಸರಾದರೂ ಎಲ್ಲೋ ಒಬ್ಬರು ಅದನ್ನು ಒಂದಕ್ಷರವೂ ತಪ್ಪದೆ ಟೈಪ್ ಮಾಡಿರುತ್ತಾರೆ.