ಮಾತಿಲ್ಲದ ನಾಟಕದಲ್ಲಿ ಅಪ್ಪ

ಅಥವಾ ಆ ಕೋಡಂಗಿಯ ಮೂಗು ಕೆಂಪಗೆ ಇರಲೇ ಇಲ್ಲವೇನೋ. ಆಮೇಲೆ ಎಲ್ಲೋ ನೋಡಿದ ಚಿತ್ರದಿಂದ ಮೂಗನ್ನು ಕಿತ್ತು ತಂದು ನಾನೇ ಅವನಿಗೆ ಅಂಟಿಸಿರಬಹುದು. ನಾನು ಚಿಕ್ಕವನಿದ್ದಾಗ ಕಂಡದ್ದನ್ನು ನಿಮಗೆ ಹೇಳಲು ಕೂತರೆ ಹೀಗೇ ಆಗುತ್ತದೆ, ಮಕ್ಕಳೇ. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಜಾರುತ್ತದೆ. ಅಪ್ಪನನ್ನು ನೋಡಿ ಇಡೀ ಸಭಾಂಗಣ ನಕ್ಕಿತು ಎಂಬುದು ಮಾತ್ರ ನಿಜ. ಅದಕ್ಕೆ ಅಕ್ಕ ಸಾಕ್ಷಿ.

ಆಗ ನಮ್ಮ ಮನೆ ಗಿಂಡಿ ಬಡಾವಣೆಯಲ್ಲಿತ್ತು. ಅಪ್ಪ ಉಡುಪಿಯ ಕಡೆಯಿಂದ ಮದ್ರಾಸಿಗೆ ಬಂದು ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದರು. ಮಣಿಕಟ್ಟಿನಿಂದ ಮೊಣಕೈವರೆಗೆ ದೋಸೆಯ ತಟ್ಟೆಗಳನ್ನು ಜೋಡಿಸಿಕೊಂಡು, ಮೇಜುಗಳ ನಡುವೆ ಯಾರಿಗೂ ತಾಗದೆ ನುಸುಳುತ್ತಿದ್ದರು. ಅವರ ಅಂಗಿಯಲ್ಲಿ ಯಾವಾಗಲೂ ಸಾಂಬಾರಿನ ಇಂಗು, ಕಾಫಿಯ ಕಹಿ, ಒದ್ದೆ ಬಟ್ಟೆ ಎಲ್ಲ ಬೆರೆತ ವಾಸನೆ. ನನಗೆ ಅದು ಇಷ್ಟ. ಅಕ್ಕನಿಗೆ ಅಲ್ಲ. ಅವಳು ಶಾಲೆಯ ಗೆಳತಿಯರ ಹತ್ತಿರ, ನಮ್ಮಪ್ಪ ಹೋಟೆಲಿನ ಮ್ಯಾನೇಜರ್ ಎಂದು ಹೇಳಿಬಿಟ್ಟಿದ್ದಳು.

ಅವಳ ಶಾಲೆಯ ಸಭಾಂಗಣಕ್ಕೇ ಆ ನಾಟಕ ಬಂತು. ಬೇರೆ ಯಾವುದೋ ದೇಶದ ಕೋಡಂಗಿ, ಒಂದು ಮಾತೂ ಆಡದೆ ನಗಿಸುತ್ತಾನಂತೆ. ಮನೆಯವರೂ ಬರಬಹುದು ಎಂದಿದ್ದರು. ಅಪ್ಪ ಹೋಟೆಲಿನಿಂದ ನೇರವಾಗಿ ಬಂದರು, ಹೆಗಲ ಮೇಲೆ ಬೈರಾಸು, ಅದೇ ಟವೆಲು.

“ಅಪ್ಪ, ಆ ಬೈರಾಸು ತೆಗೀರಿ,” ಅಕ್ಕ ಪಿಸುಗುಟ್ಟಿದಳು.

“ಸೆಕೆ ಮಾರಾಯ್ತಿ. ಬೆವರು ಒರೆಸ್ಲಿಕ್ಕೆ ಬೇಡ್ವಾ?”

“ಸಪ್ಲೈಯರ್ ಹಾಗೆ ಕಾಣ್ತದೆ.”

“ಮತ್ತೆಂತ, ಕಲೆಕ್ಟರ್ ಹಾಗೆ ಕಾಣ್ಬೇಕಾ?”

ಬೈರಾಸು ಹೆಗಲಲ್ಲೇ ಉಳಿಯಿತು. ದೀಪಗಳು ಆರಿದವು. ಬೆಂಚಿನ ವಾರ್ನಿಶ್ ಬೆವರಿಗೆ ತೊಡೆಗೆ ಅಂಟುತ್ತಿತ್ತು. ವೇದಿಕೆಯ ಮೇಲೆ ಒಂದು ಮೇಜು, ಒಂದು ಕುರ್ಚಿ. ಒಳಗಿನಿಂದ ಕೋಡಂಗಿ ಬಂದ. ಅಕ್ಕನ ಗ್ರಹಚಾರ, ಅವನ ವೇಷ ಸಪ್ಲೈಯರನದು! ಕೈಯಲ್ಲಿ ತಟ್ಟೆಗಳ ಗೋಪುರ. ತನ್ನ ಬೂಟನ್ನು ತಾನೇ ತುಳಿದು ಮುಗ್ಗರಿಸುತ್ತಾನೆ, ಗೋಪುರ ವಾಲುತ್ತದೆ, ಹೇಗೋ ನೆಟ್ಟಗಾಗುತ್ತದೆ. ಮುಂದಿನ ಸಾಲಿನಲ್ಲಿದ್ದ ಅಕ್ಕನ ಗೆಳತಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅಪ್ಪ ಒಬ್ಬರೇ ನಗಲಿಲ್ಲ. ಬೆಂಚಿನ ಅಂಚಿಗೆ ಸರಿದು ತಟ್ಟೆಗಳನ್ನೇ ನೋಡುತ್ತಿದ್ದರು. ಅವರ ಎಡಗೈ ತಾನಾಗಿಯೇ ಮೇಲಕ್ಕೆ ಎದ್ದಿತ್ತು.

ಗೋಪುರ ಇನ್ನೊಮ್ಮೆ ವಾಲಿತು. “ಅಯ್ಯೋ, ಬೀಳ್ತದೆ!” ಎಂದು ಅಪ್ಪ ಎದ್ದು ಓಡಿದರು. ಪಕ್ಕದ ಮೆಟ್ಟಿಲು ಹತ್ತಿ ತಟ್ಟೆಗಳ ಕೆಳಗೆ ಎರಡೂ ಕೈ ಒಡ್ಡಿ ನಿಂತರು. ತಟ್ಟೆಗಳು ಬೀಳಲಿಲ್ಲ. ಅವನ್ನೆಲ್ಲ ದಾರದಲ್ಲಿ ಪೋಣಿಸಿದ್ದರು. ಮಾಲೆಯ ಹಾಗೆ ಜೋತುಬಿದ್ದು ತೂಗಾಡಿದವು. ಸಭಾಂಗಣ ಹೋ ಎಂದು ನಕ್ಕಿತು.

ಅಕ್ಕ ತಲೆ ಬಗ್ಗಿಸಿ ಜಡೆಯ ತುದಿಯನ್ನು ಕಚ್ಚಿಕೊಂಡಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ತಿರುಗಿ, “ಅದು ಉಂಗ ಅಪ್ಪಾ ತಾನೇ?” ಎಂದು ತಮಿಳಿನಲ್ಲಿ, ನಿಮ್ಮಪ್ಪ ಅಲ್ಲವೇ ಎಂದು ಕೇಳಿದಳು. ಅಕ್ಕ ಜಡೆಯನ್ನು ಇನ್ನೂ ಗಟ್ಟಿಯಾಗಿ ಕಚ್ಚಿದಳು.

ಅಪ್ಪ ಇನ್ನು ಇಳಿದು ಬರುತ್ತಾರೆ ಎಂದುಕೊಂಡೆ. ಆದರೆ ಅಷ್ಟರಲ್ಲಿ ಕೋಡಂಗಿ ಮೇಜಿನ ಮೇಲೆ ನೀರು ಚೆಲ್ಲಿ, ಗಿರಾಕಿಯ ಗತ್ತಿನಲ್ಲಿ ಕುರ್ಚಿಯಲ್ಲಿ ಕೂತ. ಅಪ್ಪ ಹೆಗಲಿನ ಬೈರಾಸು ತೆಗೆದು ಮೇಜನ್ನು ಒರೆಸಿದರು. ಸುತ್ತಲಿನ ನೀರನ್ನೆಲ್ಲ ಒಂದು ಮೂಲೆಗೆ ಎಳೆದು, ಬೈರಾಸನ್ನು ಮತ್ತೆ ಹೆಗಲಿಗೆ ಎಸೆದು, ಕೋಡಂಗಿಯ ಕಡೆಗೆ ಸ್ವಲ್ಪ ಬಗ್ಗಿ, ದಿನವಿಡೀ ಹೋಟೆಲಿನಲ್ಲಿ ಕೇಳುವ ಹಾಗೆಯೇ, ಏನು ಬೇಕು ಎಂದು ಕೇಳಿದರು: “ಎನ್ನ ವೇಣುಂ ಸಾರ್?”

ಕೋಡಂಗಿ ಬಾಯಿ ತೆರೆದವನು ತೆರೆದೇ ಕೂತ. ಅವನು ಮಾತಾಡುವಂತಿಲ್ಲವಲ್ಲ! ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವನೂ ಎದ್ದು ಕೈಮುಗಿದು, ತನ್ನ ಕುರ್ಚಿಯನ್ನು ಅಪ್ಪನಿಗೆ ತೋರಿಸಿದ. ಅಪ್ಪ ಕೂರಲಿಲ್ಲ. ಕತ್ತಲಲ್ಲಿ ಕಣ್ಣು ಕಿರಿದು ಮಾಡಿ ಮೆಟ್ಟಿಲು ಹುಡುಕಿ ಇಳಿದು ಬಂದರು. ಅಕ್ಕ ಸರಿದು ಜಾಗ ಬಿಟ್ಟಳು. ಆಮೇಲೆ ಮುಂದಿನ ಹುಡುಗಿಯ ಹೆಗಲು ತಟ್ಟಿ, ಹೌದು, ನಮ್ಮಪ್ಪನೇ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಆಮಾ, ಎಂಗ ಅಪ್ಪಾ ತಾನ್. ಸಪ್ಲೈಯರ್.”

ಬಸ್ಸಿನಲ್ಲಿ ಅಕ್ಕ ಕೇಳಿದಳು, “ಅಪ್ಪ, ನೀವು ಬೇಕಂತ ಮಾಡಿದ್ದಾ?”

“ಎಂತ ಬೇಕಂತ? ಟೇಬಲ್ ಒದ್ದೆ ಇತ್ತಲ್ಲ,” ಎಂದು ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದರು. ನಗುತ್ತಿದ್ದರೇನೋ. ನನಗೆ ಕಂಡದ್ದು ಅವರ ಕುತ್ತಿಗೆ ಮಾತ್ರ.

ಇಲ್ಲಿಗೆ ಮುಗಿಸಿದರೆ ಚೆನ್ನಾಗಿತ್ತು. ಆದರೆ ಅಣ್ಣಾ ನಗರದಿಂದ ಅಕ್ಕ ಫೋನ್ ಮಾಡಿದಾಗ ಈ ವಿಷಯ ಎತ್ತಿದರೆ ಜಗಳವೇ ಆಗುತ್ತದೆ. “ಅಪ್ಪ ಸ್ಟೇಜಿನ ಮೇಲೆ ಎಲ್ಲಿ ಮಾತಾಡಿದ್ರು? ಬರೀ ತುಟಿ ಅಲ್ಲಾಡಿಸಿದ್ರು. ನಿಂಗೆ ಎಂತದೂ ನೆನಪಿಲ್ಲ,” ಎನ್ನುತ್ತಾಳೆ. ನನ್ನ ಕಿವಿಯಲ್ಲಿ ಮಾತ್ರ ಆ ದನಿ ಈಗಲೂ ಇದೆ, ಕೊನೆಯ ‘ಸಾರ್’ ಸ್ವಲ್ಪ ಎಳೆದದ್ದೂ ಸೇರಿ. ದನಿ ಬಂದಿದ್ದರೆ ಅದು ಅಭ್ಯಾಸಬಲ. ಅಪ್ಪನಿಗೆ ತಾನು ವೇದಿಕೆಯ ಮೇಲಿರುವುದೇ ಮರೆತುಹೋಗಿತ್ತು. ಬರೀ ತುಟಿ ಅಲ್ಲಾಡಿದ್ದರೆ, ಅದು ಮಾತಿಲ್ಲದ ಆಟ ಎಂದು ತಿಳಿದೇ ಅಪ್ಪ ಆಡಿದ್ದರು. ಊರಿನಲ್ಲಿ ಯಕ್ಷಗಾನದ ಹಾಸ್ಯಗಾರರನ್ನು ನೋಡಿ ಬೆಳೆದವರು, ಆಡಿರಲೂಬಹುದು. ಆ ನಗುವಿನ ಗದ್ದಲದಲ್ಲಿ ನಮ್ಮ ಬೆಂಚಿನವರೆಗೆ ಒಂದು ದನಿ ತಲುಪಿದ್ದಾದರೂ ಹೇಗೆ?

ಮೊನ್ನೆ ವೇಳಚೇರಿಯ ಹತ್ತಿರ ನೀವು ನನ್ನನ್ನು ಅಂಥದೇ ಮೂಕ ನಾಟಕಕ್ಕೆ ಕರೆದುಕೊಂಡು ಹೋದಿರಿ. ತಣ್ಣನೆಯ ಎಸಿ, ಮೆತ್ತನೆಯ ಕುರ್ಚಿ. ಮನೆಗೆ ಬರುವ ದಾರಿಯಲ್ಲೇ ಆ ಕೋಡಂಗಿ ನಿಮ್ಮಮ್ಮನ ಫೋನಿನಲ್ಲಿ ಮತ್ತೆ ಮತ್ತೆ ಬಿದ್ದ, ನೀವು ಮತ್ತೆ ಮತ್ತೆ ನಕ್ಕಿರಿ. ಆಗ ನಾನು ಈ ಕಥೆ ಹೇಳಿದೆ. “ವಿಡಿಯೋ ಇಲ್ಲೈಯಾ ತಾತಾ?” ಎಂದು ಕೇಳಿದಿರಿ. ಇಲ್ಲ. ದನಿ ಏರಿಸಿ ಕೇಳಲು ನಮ್ಮ ಹತ್ತಿರ ಏನೂ ಇಲ್ಲ. ಇರುವುದು ಅಕ್ಕನ ಕಣ್ಣು, ನನ್ನ ಕಿವಿ. ಎರಡಕ್ಕೂ ವಯಸ್ಸಾಗಿದೆ. ಅಪ್ಪ ಇದ್ದಷ್ಟು ದಿನ ನಾವು ಇನ್ನೊಮ್ಮೆ ಕೇಳಲಿಲ್ಲ.

ಅವರು ಮಾತಾಡಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.