ಎಣ್ಣೆ ಹಚ್ಚಿದ ಕೆಂಪು ನೆಲ

ಯುದ್ಧ ಮುಗಿದು ಸಿಮೆಂಟು ಮತ್ತೆ ಸಿಗತೊಡಗಿದಾಗ ನಮ್ಮ ಹಲಸೂರಿನ ಮನೆಗೆ ಮೊದಲು ಆಗಬೇಕಿದ್ದದ್ದು ಸೂರಿನ ರಿಪೇರಿ. ಹೆಂಚು ಒಡೆದು ಅಡಿಗೆಮನೆ ಸೋರುತ್ತಿತ್ತು. ನನಗೆ ಮಾತ್ರ ನಡುಮನೆಗೆ ಕೆಂಪು ಸಿಮೆಂಟಿನ ನೆಲ ಬೇಕಿತ್ತು. ನಮ್ಮ ಯಜಮಾನರು ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಅವರ ಮೇಲಧಿಕಾರಿಯ ಮನೆ ದಂಡಿನ ಕಡೆ, ಬಿಳಿಯರ ಬಂಗಲೆಗಳ ಸಾಲಿನಲ್ಲಿ ಇತ್ತು. ಅಲ್ಲಿನ ಕೆಂಪು ನೆಲ ನೋಡಿ ಬಂದ ಮೇಲೆ ಸಗಣಿ ಸಾರಿಸುವುದೆಂದರೆ ನನಗೆ ಮೈ ಉರಿಯುತ್ತಿತ್ತು. "ಸೋರೋ ಕಡೆ ಪಾತ್ರೆ ಇಡ್ಬಹುದು. ಬಗ್ಗಿ ಬಗ್ಗಿ ನನ್ನ ಸೊಂಟ ಹೋದ್ರೆ ಏನ್ ಮಾಡೋದು?" ಎಂದೆ. ಯಜಮಾನರು ನಕ್ಕು ಸೋತರು.

ಅತ್ತೆ ಸುಮ್ಮನಿರುವವರಲ್ಲ. ಉಪ್ಪು ಒಂದು ಹರಳು ಹೆಚ್ಚಾದರೂ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. "ಕೊಡೆ ಹಿಡ್ಕೊಂಡು ಒಗ್ಗರಣೆ ಹಾಕು, ಮೋರೆ ನೋಡ್ಕೊಳ್ಳೋಕೆ ನೆಲ ಮಾಡಿಸ್ಕೋ" ಎಂದರು.

ನೆಲ ಆಯಿತು. ಕೊಬ್ಬರಿ ಎಣ್ಣೆ ಹಚ್ಚಿದರೆ ಹೊಳಪು ಬರುತ್ತದೆಂದು ಯಾರೋ ಹೇಳಿದರು. ದಿನಾ ಹಚ್ಚಿ ತಿಕ್ಕಿದೆ. ಅಕ್ಕಪಕ್ಕದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಾಲು ಒರೆಸಿಕೊಳ್ಳಿ ಎನ್ನುವಷ್ಟು ಜಂಬ ನನಗೆ.

ಅತ್ತೆ ಬೆಳಿಗ್ಗೆ ಬಚ್ಚಲಿಂದ ಒದ್ದೆ ಸೀರೆಯಲ್ಲೇ, ಮಡಿಯಲ್ಲಿ, ನಡುಮನೆ ದಾಟಿ ದೇವರ ಮನೆಗೆ ಹೋಗುತ್ತಿದ್ದರು. ಪೂಜೆ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವಂತಿರಲಿಲ್ಲ. ಸೀರೆಯಿಂದ ತೊಟ್ಟಿಕ್ಕುವ ನೀರನ್ನು ಸಗಣಿ ನೆಲ ಹೀರಿಕೊಳ್ಳುತ್ತಿತ್ತು. ಈ ನೆಲ ಹೀರಲಿಲ್ಲ. ಒಂದು ಶುಕ್ರವಾರ ನಾನು ಹೂ ಕಟ್ಟುತ್ತಾ ಕೂತಿದ್ದಾಗ ನನ್ನ ಪಕ್ಕದಲ್ಲೇ ಅವರ ಕಾಲು ಜಾರಿತು. ಕೈ ಚಾಚಿದೆ. ಮಡಿ ನೆನಪಾಯಿತು, ಕೈ ಹಿಂದೆ ತೆಗೆದುಕೊಂಡೆ. ಅತ್ತೆ ಬಿದ್ದರು. ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರ ಬೈಗುಳಕ್ಕೆ ಕಾದೆ. ಬರಲಿಲ್ಲ. ನೋಡಲು ಬಂದವರಿಗೆಲ್ಲ, "ಇವಳು ಹಿಡಿಯೋಕೇ ಬಂದ್ಲು, ನಾನೇ ಮುಟ್ಬೇಡ ಕಣೇ ಅಂತ ಕೂಗ್ಬಿಟ್ಟೆ" ಎನ್ನುತ್ತಿದ್ದರು. ಅವರು ಕೂಗಿರಲಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಪ್ರತಿ ಸಲವೂ ನನಗೆ ನಾಚಿಕೆಯಿಂದ ಎದ್ದು ಓಡಿಹೋಗಬೇಕೆನಿಸುತ್ತಿತ್ತು. ನಾಲ್ಕು ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಸೀಗೆಪುಡಿ, ಬೂದಿ ಹಾಕಿ ಎಷ್ಟು ಉಜ್ಜಿದರೂ ನೆಲದ ಹೊಳಪು ಹೋಗಲಿಲ್ಲ. ಒಡೆಸಿಬಿಡೋಣವೆಂದು ಯಜಮಾನರಿಗೆ ಹೇಳಿದೆ. ಮಲಗಿದ್ದಲ್ಲಿಂದಲೇ ಅತ್ತೆ, "ದುಡ್ಡು ಹಾಳು ಮಾಡ್ಬೇಡಿ, ಹೆಂಚು ಹಾಕ್ಸಿ" ಎಂದರು. ಹಾಕಿಸಿದೆವು.

ಕೆಲವು ತಿಂಗಳ ಮೇಲೆ ಅತ್ತೆ ಎದ್ದು ನಿಲ್ಲುವಂತಾದಾಗ ಅವರನ್ನು ಬಚ್ಚಲಿಂದ ಕರೆತರುವುದು ನನ್ನ ಕೆಲಸವಾಯಿತು. ಮೊದಲ ದಿನ ಅವರು ಒದ್ದೆ ಸೀರೆಯಲ್ಲಿ ಗೋಡೆ ಹಿಡಿದು ನಿಂತಿದ್ದರು. ಮುಟ್ಟುವ ಧೈರ್ಯ ಬಾರದೆ ನಾನು ಹೊಸ್ತಿಲಲ್ಲೇ ನಿಂತೆ. ಅವರೇ ನನ್ನ ಕೈ ಎಳೆದು ಕಂಕುಳಿಗೆ ಸೇರಿಸಿಕೊಂಡರು.

"ಹಿಡ್ಕೊಳೇ," ಎಂದರು, "ದೇವ್ರ ಮನೆಗೂ ಇನ್ನು ನೀನೇ ಕರ್ಕೊಂಡ್ ಹೋಗ್ಬೇಕಲ್ಲ."