ಒಂದು ಖಾನೆ ಕಡಿಮೆ ಬಿದ್ದ ಸಾಲು

ಮೊನ್ನೆ ಅರಸೀಕೆರೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟರಿನಿಂದ ಹೊರಬಂದ ಬಿಸಿ ಕಾಗದದ ವಾಸನೆ ಮೂಗಿಗೆ ಬಡಿಯಿತು. ಹಳೇಬೀಡಿನಲ್ಲಿ ನನ್ನ ಕೊಬ್ಬರಿ ಮಳಿಗೆಯ ಪಕ್ಕದಲ್ಲೇ ತರಬೇತಿ ಕೇಂದ್ರ ಇಟ್ಟಿದ್ದ ಕಂಪ್ಯೂಟರ್ ಮೇಷ್ಟ್ರು ನೆನಪಾದರು…

ಒಮ್ಮೆ ಅವರು ಕಣ್ಣಿನ ಶಿಬಿರಕ್ಕೆ ಹೆಸರಿನ ಪಟ್ಟಿ ಮಾಡಿಕೊಟ್ಟಿದ್ದರು. ಸಾಲಿಗೊಬ್ಬರು, ಖಾನೆಗೂ ಖಾನೆಗೂ ನಡುವೆ ಒಂದು ಅಲ್ಪವಿರಾಮ. ಬಸ್ತಿಹಳ್ಳಿಯ ಅಜ್ಜಿಯೊಬ್ಬರ ಸಾಲಿನಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿ ಎರಡು ಖಾನೆ ಒಂದಾದವು. ಫೈಲು ಓದುವ ಪ್ರೋಗ್ರಾಮು ತಕರಾರು ಮಾಡದೆ ಕೊನೆಯ ಖಾನೆಯನ್ನು ಖಾಲಿ ಬಿಟ್ಟು ಮುಂದೆ ಹೋಯಿತು. ಆ ಖಾನೆಯಲ್ಲಿ ಇರಬೇಕಾಗಿದ್ದದ್ದು ಸರದಿ ನಂಬರು.

"ಇನ್ನೇನ್ ಕೂಗ್ತಾರೆ ಅಂತ ನೀರು ಕುಡಿಯಕ್ಕೂ ಎದ್ದಿಲ್ಲ ಕಣಪ್ಪ," ಎಂದು ಅಜ್ಜಿ ಸಂಜೆ ಹೇಳಿದರಂತೆ. ಡಾಕ್ಟರು ಅಷ್ಟರಲ್ಲಿ ಹೊರಟುಹೋಗಿದ್ದರು.

"ತಪ್ಪು ನಂದೇ ಕಣ್ರೀ. ಆದ್ರೆ ಅದು ಸುಮ್ಕಿರಬಾರ್ದಿತ್ತು. ಈ ಸಾಲಲ್ಲಿ ಖಾನೆ ಕಮ್ಮಿ ಐತೆ ಅಂತ ಬಾಯಿ ಬಿಡ್ಬೇಕಿತ್ತು," ಎಂದರು ಮೇಷ್ಟ್ರು.

ಆ ಓದುವ ಭಾಗ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವಂಥದ್ದು, ಲೋಕವೆಲ್ಲ ಬಳಸುವಂಥದ್ದು. ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಆ ಭಾಷೆಯನ್ನು ನೋಡಿಕೊಳ್ಳುವವರು ಒಪ್ಪಬೇಕು, ಅಷ್ಟೆ. ಮೇಷ್ಟ್ರು ತಿಂಗಳುಗಟ್ಟಲೆ ಕೂತು ಆ ಒಂದೇ ತಿದ್ದುಪಡಿ ಬರೆದರು. ಕಳಿಸುವ ಮುಂಚೆ, ಮಾತು ಬಲ್ಲವನೆಂದು ನನ್ನನ್ನು ಕೇಳಿದರು. ನನಗೆ ಸಲಹೆ ಕೊಡದಿದ್ದರೆ ಊಟ ಸೇರದು.

"ಒಂದೇ ಕೇಳಿದ್ರೆ ಅರ್ಧ ಕೊಡ್ತಾರೆ ಮೇಷ್ಟ್ರೇ. ನಾಲ್ಕು ಕೇಳಿ, ಆಮೇಲೆ ಒಂದಕ್ಕೆ ಇಳೀರಿ."

"ಇದೇನ್ ಕೊಬ್ಬರಿನಾ ಸಾವ್ಕಾರ್ರೇ?" ಎಂದು ನಕ್ಕರು. ನಾನು ಬಿಡಲಿಲ್ಲ. ಇನ್ನೂ ಮೂರು ತಿದ್ದುಪಡಿ ಸೇರಿಸಿ ಕಳಿಸಿದರು.

ಇಷ್ಟೆಲ್ಲ ಬದಲಿಸಿದರೆ ಹಳೆಯ ಪ್ರೋಗ್ರಾಮುಗಳು ಕೆಡುತ್ತವೆ, ವಿಷಯ ಮುಗಿಸಿದ್ದೇವೆ ಎಂದು ಉತ್ತರ ಬಂತು.

"ಈಗ ಇಳೀರಿ," ಎಂದೆ.

"ಯಾರ ಹತ್ರ ಇಳಿಯಾನ? ಬಾಗ್ಲು ಹಾಕ್ಕಂಡು ಹೋದ್ರು."

ಆದರೂ ಒಂದನ್ನೇ ಮತ್ತೆ ಕಳಿಸಿದರು. ದಿನಾ ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆದೊಡನೆ ಉತ್ತರ ಬಂದಿದೆಯೇ ಎಂದು ನೋಡುತ್ತಿದ್ದರು… ಬರಲಿಲ್ಲ.

ಮಂಡಿಯಲ್ಲಿ ಎದುರಿನವನಿಗೂ ಕೊಬ್ಬರಿ ಬೇಕಿರುತ್ತದೆ; ಅದಕ್ಕೇ ಚೌಕಾಸಿ ನಡೆಯುತ್ತದೆ. ಮೇಷ್ಟ್ರ ತಿದ್ದುಪಡಿ ಅಲ್ಲಿ ಯಾರಿಗೂ ಬೇಕಿರಲಿಲ್ಲ. ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆಯಲಿಲ್ಲ. ನಿಮಗೂ ಹೇಳಿಡುತ್ತೇನೆ: ಎದುರಿನವನಿಗೆ ಗರಜಿಲ್ಲದ ಕಡೆ ಒಂದೇ ಕೇಳಿ, ಚಿಕ್ಕದಾಗಿ ಕೇಳಿ.

ಮೊನ್ನೆ ಆ ಜೆರಾಕ್ಸ್ ಅಂಗಡಿಯ ಹುಡುಗಿಯನ್ನು ವಿಚಾರಿಸಿದೆ, ಖಾನೆ ಕಡಿಮೆ ಬಿದ್ದರೆ ಪ್ರೋಗ್ರಾಮು ಈಗಲಾದರೂ ಹೇಳುತ್ತದೆಯೇ ಎಂದು.

"ಎಲ್ಲಿ ಹೇಳುತ್ತೆ ಅಂಕಲ್? ಖಾಲಿ ಬಿಟ್ಟು ಹೋಗುತ್ತೆ. ನಾವೇ ನೋಡ್ಕೋಬೇಕು."

ಮೇಷ್ಟ್ರು ತೀರಿಕೊಂಡ ಮೇಲೆ, ಆ ತಿದ್ದುಪಡಿ ಇದ್ದ ಕಂಪ್ಯೂಟರನ್ನು ಮನೆಯವರು ಗುಜರಿಗೆ ಹಾಕಿದರು. ಗುಜರಿಯವನ ಹತ್ತಿರ ನಿಂತು ರೇಟು ಕುದುರಿಸಿಕೊಟ್ಟವನೂ ನಾನೇ.